ಯಂತ್ರಕ್ಕೊಂದು ಗಾಲಿಮಣೆ



ನಮ್ಮ ಹಿರಿಯರು ಬಿತ್ತನೆ ಮುಗಿದ ಮೇಲೆ ಕೂರಿಗೆಯನ್ನು ತೊಳೆದು, ಒರೆಸಿ, ಕೊಟ್ಟಿಗೆಯ ತೊಲೆಗೆ ಹಗ್ಗದಿಂದ ಕಟ್ಟಿ ತೂಗಹಾಕುತ್ತಿದ್ದರು. ಮಳೆಗೂ ಸಿಗಬಾರದು, ಗೆದ್ದಲಿಗೂ ಸಿಗಬಾರದು. ಅಕ್ಕಲಕೋಟೆ, ಜತ್ತ ಕಡೆಯ ನಮ್ಮವರು ಅದನ್ನು ಮನೆಯೊಳಗೆ ಕೂರಿಗಿ ಎನ್ನುತ್ತಾರೆ, ಸಂತೆಗೆ ಹೋದರೆ ತಿಫಣ್ ಅಥವಾ ಪಾಭರ್ ಎಂದು ಕೇಳುತ್ತಾರೆ. ಆದೋನಿ, ರಾಯದುರ್ಗದಲ್ಲಿ ಅದೇ ಗೊರ್ರು. ನಮ್ಮ ಕುಂಟೆ ಮರಾಠಿಯಲ್ಲಿ ಕುಳವ್, ತೆಲುಗಿನಲ್ಲಿ ಗುಂಟಕ. ಹೆಸರು ಯಾವುದಾದರೂ ಇರಲಿ, ಒಬ್ಬಾಳು ಹೆಗಲ ಮೇಲೆ ಹೊತ್ತು ತಂದು ಒಳಗಿಡಬಹುದಾದ ವಸ್ತುಗಳು ಅವು.

ಈಗ ಬಂದಿರುವ ರೋಟಾವೇಟರಿಗೆ ಮಾತ್ರ ಗಡಿಯ ಎಲ್ಲ ಕಡೆಯೂ ರೋಟಾವೇಟರ್ ಎಂದೇ ಹೆಸರು. ಅದರ ಭಾರವೂ ಎಲ್ಲ ಕಡೆ ಒಂದೇ. ಆರು ಅಡಿಯದ್ದಾದರೆ 400ರಿಂದ 500 ಕಿಲೊ ತೂಗುತ್ತದೆ. ಒಂಬತ್ತು ತಾಳಿನ ಬೀಜ-ಗೊಬ್ಬರದ ಕೂರಿಗೆಯೂ 300 ಕಿಲೊ ಆಸುಪಾಸಿನದು. 2014-15ರಲ್ಲಿ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಶುರುವಾದ ಮೇಲೆ ಸಹಾಯಧನದಲ್ಲಿ ಇಂಥ ಯಂತ್ರಗಳು ಹಳ್ಳಿಗಳಿಗೆ ಹೆಚ್ಚು ಬಂದಿವೆ. ವರ್ಷಕ್ಕೆ ಇಪ್ಪತ್ತು ಮೂವತ್ತು ದಿನ ಕೆಲಸ ಮಾಡುತ್ತವೆ, ಉಳಿದ ದಿನವೆಲ್ಲ ಬೇವಿನ ಮರದ ಕೆಳಗೆ ನೆಂದು, ಒಣಗಿ, ಮತ್ತೆ ನೆನೆಯುತ್ತವೆ. ತೊಲೆಗೆ ತೂಗಹಾಕುವ ಮಾತಂತೂ ಇಲ್ಲ.

ಒಳಗೇಕೆ ಇಡುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ, ಜಾಗ ಇಲ್ಲ ಎಂದು. ಅದು ಪೂರ್ತಿ ನಿಜವಲ್ಲ. ಷೆಡ್ಡು ಇರುತ್ತದೆ. ಆದರೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಹೋಗಿ ಎಲ್ಲಿ ಇಳಿಸುತ್ತದೋ ಅಲ್ಲೇ ಯಂತ್ರ ಕೂರಬೇಕು. ಗೋಡೆಗೆ ಒತ್ತಿ ಸರಿಸಲು ಆಗುವುದಿಲ್ಲ. ನಡುವೆ ಒಂದು ರೋಟಾವೇಟರ್ ಕೂತಿತೆಂದರೆ ಇಡೀ ಷೆಡ್ಡು ಕಟ್ಟಿಹೋಯಿತು. ಆಮೇಲೆ ಜೋಳದ ಚೀಲ ಎಲ್ಲಿ, ಮೋಟರ್ ಸೈಕಲ್ ಎಲ್ಲಿ?

ಇದಕ್ಕೆ ಪರಿಹಾರ ಗಾಲಿ ಹಚ್ಚಿದ ಒಂದು ತಗ್ಗಾದ ಚೌಕಟ್ಟು. ಅದನ್ನು ಟ್ರಾಲಿ ಎಂದರೆ ನಮ್ಮ ಹಳ್ಳಿಗಳಲ್ಲಿ ಕಬ್ಬು ಹೇರುವ ಟ್ರೇಲರ್ ಎಂದುಕೊಳ್ಳುತ್ತಾರೆ. ಹೀಗಾಗಿ ನಾನು ಗಾಲಿಮಣೆ ಎನ್ನುತ್ತೇನೆ. ಊಟಕ್ಕೆ ಕೂರುವ ಮಣೆಯ ಹಾಗೆ ನೆಲಕ್ಕೆ ಹತ್ತಿರ ಇರಬೇಕು, ಕೆಳಗೆ ಗಾಲಿ ಇರಬೇಕು, ಅಷ್ಟೆ.

ಈ ಉಪಾಯ ಹೊಸದೇನಲ್ಲ. ಅಮೆರಿಕ, ಕೆನಡಾಗಳಲ್ಲಿ ಪ್ರವಾಸ ಹೋಗುವವರು ಮಲಗುವ ಹಾಸಿಗೆ, ಒಲೆ ಎಲ್ಲ ಇರುವ ಪುಟ್ಟ ಪೆಟ್ಟಿಗೆಮನೆಯನ್ನು ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಟ್ರಕ್ ಕ್ಯಾಂಪರ್ ಎಂದು ಅದರ ಹೆಸರು. ಊರಿಗೆ ಮರಳಿದ ಮೇಲೆ ನಾಲ್ಕು ಮೂಲೆಗಳ ಜಾಕಿನಿಂದ ಅದನ್ನು ಎತ್ತಿ, ಗಾಡಿಯನ್ನು ಮುಂದಕ್ಕೆ ಓಡಿಸಿ ತೆಗೆದು, ಕೆಳಗೆ ಗಾಲಿಯ ಚೌಕಟ್ಟು ತೂರಿಸಿ ಇಳಿಸುತ್ತಾರೆ. ಟನ್ನುಗಟ್ಟಲೆ ತೂಗುವ ಮನೆಯನ್ನು ತಳ್ಳಿಕೊಂಡು ಒಳಗೆ ನಿಲ್ಲಿಸುತ್ತಾರೆ. ಅವರಿಗೆ ಹಿಮದ ಭಯ, ನಮಗೆ ಮಳೆಯ ಭಯ. ಅವರು ಜಾಕಿ ತಿರುಗಿಸಬೇಕು. ನಮ್ಮ ಟ್ರ್ಯಾಕ್ಟರಿನ ಹಿಂದೆ ಎತ್ತುವ ಹೈಡ್ರಾಲಿಕ್ ತೋಳುಗಳೇ ಇವೆ, ಹಾಗಾಗಿ ನಮ್ಮ ಕೆಲಸ ಅವರಿಗಿಂತ ಸುಲಭ.

ಆ ತೋಳುಗಳ ಬಗ್ಗೆ ಎರಡು ಮಾತು. ಯಂತ್ರವನ್ನು ಮೂರು ಕಡೆ ಹಿಡಿದು ಎತ್ತುವ ಈ ಜೋಡಣೆಯನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ಅದು ಬಂದ ಮೇಲೆ ಜಗತ್ತಿನಲ್ಲೆಲ್ಲ ಹರಡಿತು. ನಮ್ಮ ರಸ್ತೆಗಳಲ್ಲಿ ಓಡುವ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳ ಹೆಸರಿನಲ್ಲಿ ಆತ ಇನ್ನೂ ಇದ್ದಾನೆ. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ಚಾಲಕ ಸೀಟಿನಲ್ಲೇ ಕೂತು ಲಿವರ್ ಎಳೆದರೆ ಅರ್ಧ ಟನ್ನು ಮೇಲೇಳುತ್ತದೆ. ಕಷ್ಟವಿರುವುದು ಎತ್ತುವುದರಲ್ಲಲ್ಲ, ಜೋಡಿಸುವುದರಲ್ಲಿ.

ಜೋಡಿಸುವಾಗ ಏನಾಗುತ್ತದೆ ನೋಡಿ. ಯಂತ್ರ ನೆಲದ ಮೇಲೆ ಕಲ್ಲಿನಂತೆ ಕೂತಿದೆ. ತೋಳಿನ ತೂತು ಯಂತ್ರದ ಪಿನ್ನಿಗೆ ಕೂಡಬೇಕು. ಒಂದು ಬೆರಳು ಆಚೆ ಈಚೆ ಆದರೂ ಕೂಡುವುದಿಲ್ಲ. ಆಗ ಯಾರೋ ಒಬ್ಬರು, ಹೆಚ್ಚಾಗಿ ಮನೆಯ ಹುಡುಗ, ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ನಿಂತು, "ಕಾಕಾ, ಇನ್ನ ಒಂದ್ ಸ್ವಲ್ಪ ಹಿಂದ ತಗೋರಿ" ಎನ್ನುತ್ತಾನೆ. ಕಾಕಾ ಕ್ಲಚ್ಚಿನ ಮೇಲೆ ಕಾಲಿಟ್ಟು ಕುತ್ತಿಗೆ ತಿರುಗಿಸಿ ನೋಡುತ್ತಾನೆ. ಕ್ಲಚ್ಚಿನಿಂದ ಕಾಲು ಜಾರಿದರೆ ಹುಡುಗನ ಸೊಂಟ ಯಂತ್ರಕ್ಕೂ ದೊಡ್ಡ ಟಾಯರಿಗೂ ನಡುವೆ ಸಿಕ್ಕಿತು. ಬೆರಳು ಹೋದವರನ್ನು ನಾವೆಲ್ಲ ನೋಡಿದ್ದೇವೆ. ಬೆರಳಿಗೇ ನಿಲ್ಲದ ಕಥೆಗಳೂ ಉಂಟು, ಅವನ್ನು ಇಲ್ಲಿ ಹೇಳುವುದಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಬಾಡಿಗೆ ಟ್ರ್ಯಾಕ್ಟರಿನ ಚಾಲಕ ಒಂದು ಮಾತಿನವನು, ಹಿಂದೆ ನಿಂತವನು ಇನ್ನೊಂದು ಮಾತಿನವನು. ತೆಲುಗಿನಲ್ಲಿ 'ಚಾಲು' ಎಂದರೆ ಸಾಕು, ನಿಲ್ಲಿಸು ಎಂದು. ಮರಾಠಿಯಲ್ಲೂ ನಮ್ಮ ಉತ್ತರದ ಕನ್ನಡದಲ್ಲೂ 'ಚಾಲೂ' ಎಂದರೆ ನಡೆಯಲಿ, ಶುರು ಎಂದು. ಎಂಜಿನ್ನಿನ ಗದ್ದಲದಲ್ಲಿ ಈ ಎರಡಕ್ಕೂ ಏನು ವ್ಯತ್ಯಾಸ ಕೇಳೀತು? ಮಾತಿಗಿಂತ ಕೈಸನ್ನೆ ಮೇಲು ಎಂದು ಹೇಳಬಹುದು. ಅದಕ್ಕಿಂತ ಮೇಲಾದದ್ದು, ಯಾರೂ ಆ ಜಾಗದಲ್ಲಿ ನಿಲ್ಲಬೇಕಾದ ಅಗತ್ಯವೇ ಇಲ್ಲದಂತೆ ಮಾಡುವುದು.

ಗಾಲಿಮಣೆಯ ದೊಡ್ಡ ಗುಣ ಇದೇ ಎಂದು ನನ್ನ ಎಣಿಕೆ. ಜಾಗ ಉಳಿಯುತ್ತದೆ, ತುಕ್ಕು ತಪ್ಪುತ್ತದೆ, ಅವೆಲ್ಲ ಸರಿ. ಆದರೆ ಯಂತ್ರಕ್ಕೆ ಗಾಲಿ ಬಂದರೆ ಟ್ರ್ಯಾಕ್ಟರು ಕೊನೆಯ ಗೇಣು ದೂರ ಹಿಂದಕ್ಕೆ ಬರಬೇಕಾಗಿಲ್ಲ. ಟ್ರ್ಯಾಕ್ಟರನ್ನು ಒಂದು ಗೇಣು ಮೊದಲೇ ನಿಲ್ಲಿಸಿ, ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಚಾಲಕ ಕೆಳಗಿಳಿದು ಬರಲಿ. ಆಮೇಲೆ ಯಂತ್ರವನ್ನೇ ಟ್ರ್ಯಾಕ್ಟರಿನ ಕಡೆಗೆ ತಳ್ಳಿ. ಚಲಿಸುವುದು ಕೈಯಿಂದ ತಳ್ಳಿದ ವಸ್ತು. ಕೈ ನಿಂತರೆ ಅದೂ ನಿಲ್ಲುತ್ತದೆ.

ಈಗ ಮಾಡುವ ಬಗೆ. ಮೊದಲು ಗಾಲಿಯ ಲೆಕ್ಕ, ಯಾಕೆಂದರೆ ಹೆಚ್ಚು ಜನ ತಪ್ಪುವುದು ಇಲ್ಲೇ. ಯಂತ್ರ 450 ಕಿಲೊ, ಚೌಕಟ್ಟು 65 ಕಿಲೊ, ಒಟ್ಟು 515 ಎನ್ನಿ. ನಾಲ್ಕು ಗಾಲಿಗೆ ಹಂಚಿದರೆ ಒಂದಕ್ಕೆ 130 ಆಗುತ್ತದಲ್ಲ ಎಂದು ಅಷ್ಟರದ್ದೇ ಗಾಲಿ ತರಬೇಡಿ. ನಮ್ಮ ನೆಲ ಸಮ ಇರುವುದಿಲ್ಲ. ಮೂರು ಕಾಲು ನೆಲಕ್ಕೆ ತಾಗಿ ನಾಲ್ಕನೆಯದು ತೇಲುವ ಮೇಜನ್ನು ನೀವು ನೋಡಿದ್ದೀರಿ. ಭಾರವನ್ನು ಮೂರರಿಂದ ಭಾಗಿಸಿ. 515ನ್ನು ಮೂರರಿಂದ ಭಾಗಿಸಿದರೆ 172. ಅಂದರೆ ಒಂದೊಂದೂ 200 ಕಿಲೊ ತಾಳುವ ಗಾಲಿ ಬೇಕು. ಸೊಲ್ಲಾಪುರದಂಥ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಯಾಸ್ಟರ್ ಗಾಲಿ ಎಂದು ಕೇಳಿ. ಎಷ್ಟು ಭಾರ ತಾಳುತ್ತದೆ ಎಂಬುದನ್ನು ಕಂಪನಿಯ ಪಟ್ಟಿಯಲ್ಲಿ ಓದಿ ತಿಳಿಯಿರಿ, ಅಂಗಡಿಯವನ ಬಾಯಿಮಾತಿಗೆ ಬಿಡಬೇಡಿ.

ಗಾಲಿ ದೊಡ್ಡದಿರಲಿ. ಎತ್ತಿನ ಗಾಡಿಯ ಗಾಲಿ ಎದೆಮಟ್ಟ ಏಕೆ ಇರುತ್ತದೆ ಎಂದು ಯೋಚಿಸಿದ್ದೀರಾ? ಅಂದಕ್ಕಲ್ಲ. ನೆಲದಲ್ಲಿ ಅರ್ಧ ಇಂಚಿನ ಒಂದು ಅಂಚು ಅಡ್ಡ ಬಂತೆನ್ನಿ. ಎರಡು ಇಂಚಿನ ಸಣ್ಣ ಗಾಲಿ ಅದನ್ನು ಹತ್ತಬೇಕಾದರೆ ತನ್ನ ಮೇಲಿರುವ ಭಾರದ ಒಂದೂ ಮುಕ್ಕಾಲು ಪಟ್ಟು ಬಲದಿಂದ ನೂಕಬೇಕು. ಅಂದರೆ ತಳ್ಳುವುದಕ್ಕಿಂತ ಎತ್ತುವುದೇ ಸುಲಭ. ಆರು ಇಂಚಿನ ಗಾಲಿಗೆ ಭಾರದ ಮೂರರಲ್ಲಿ ಎರಡು ಪಾಲು ಸಾಕು. ಹೀಗಾಗಿ ಐದು ಇಂಚಿಗಿಂತ ಕಡಿಮೆಯದು ಬೇಡ, ಆರು ಇಂಚು ಒಳ್ಳೆಯದು.

ಗಟ್ಟಿ ಗಾಲಿ, ನುಣುಪು ನೆಲ ಇದ್ದರೆ ಒಟ್ಟು ಭಾರದ ನೂರರಲ್ಲಿ ಎರಡು ಮೂರು ಪಾಲು ಬಲದಿಂದ ಅದು ಉರುಳುತ್ತದೆ. 515 ಕಿಲೊಗೆ ಹತ್ತು ಹದಿನೈದು ಕಿಲೊ ನೂಕಿದಂತೆ. ಹೊರಡಿಸುವಾಗ ಸ್ವಲ್ಪ ಹೆಚ್ಚು. ಇಬ್ಬರು ಸಾಕು. ನೈಲಾನ್ ಗಾಲಿ ಹಗುರಾಗಿ ಉರುಳುತ್ತದೆ, ಎಣ್ಣೆಗೆ ಕೆಡುವುದಿಲ್ಲ. ಬೀಡುಕಬ್ಬಿಣದ್ದು ಬಾಳಿಕೆ ಬರುತ್ತದೆ, ಆದರೆ ಸದ್ದು ಹೆಚ್ಚು, ನೆಲದ ಗಾರೆಯನ್ನೂ ಕೆದಕುತ್ತದೆ. ರಬ್ಬರಿನದು ಒರಟು ನೆಲಕ್ಕೆ ಒಳ್ಳೆಯದಾದರೂ ಆರು ತಿಂಗಳು ಭಾರ ಹೊತ್ತು ಒಂದೇ ಕಡೆ ನಿಂತರೆ ಅಡಿ ಚಪ್ಪಟೆಯಾಗುತ್ತದೆ. ನಾಲ್ಕೂ ಗಾಲಿ ಸುತ್ತ ತಿರುಗುವಂಥವೇ ಇರಲಿ, ಆಗಲೇ ಅಡ್ಡಕ್ಕೂ ಸರಿಸಬಹುದು. ಕನಿಷ್ಠ ಎರಡಕ್ಕೆ ಬ್ರೇಕ್ ಇರಬೇಕು.

ಇನ್ನು ಚೌಕಟ್ಟು. 75 ಮಿಲಿಮೀಟರಿನ ಚಾನೆಲ್ ಕಬ್ಬಿಣ ಮೀಟರಿಗೆ ಸುಮಾರು ಏಳು ಕಿಲೊ ತೂಗುತ್ತದೆ. ಆರು ಅಡಿಯ ರೋಟಾವೇಟರಿಗೆ ಏಳಡಿಯ ಎರಡು ಉದ್ದ ತುಂಡು, ಎರಡೂವರೆ ಅಡಿಯ ಮೂರು ಅಡ್ಡ ತುಂಡು ಸಾಕು. ನಾನು ಹೇಳಿದ ಅಳತೆಯನ್ನು ಬರೆದುಕೊಂಡು ಹೋಗಬೇಡಿ. ನಿಮ್ಮ ಯಂತ್ರದ ಎರಡೂ ಬದಿಯ ಸ್ಕಿಡ್ ಎಲ್ಲಿ ಕೂರುತ್ತದೆ ಎಂದು ಅಳೆದು, ಆ ಜಾಗದಲ್ಲಿ ಕಬ್ಬಿಣ ಬರುವಂತೆ ಮಾಡಿಸಿ. ಭಾರ ಸ್ಕಿಡ್ಡಿನ ಮೇಲೆ ಕೂರಬೇಕು, ಬ್ಲೇಡಿನ ಮೇಲಲ್ಲ. ಮೇಲೆ ಎರಡು ಬೇವಿನ ಅಥವಾ ಜಾಲಿಯ ಹಲಗೆ ಬೋಲ್ಟು ಹಾಕಿ ಕೂರಿಸಿದರೆ ಕಬ್ಬಿಣದ ಮೇಲೆ ಕಬ್ಬಿಣ ಜಾರುವುದಿಲ್ಲ.

ಗಾಲಿಯನ್ನು ಚೌಕಟ್ಟಿನ ಅಡಿಗೆ ಹಚ್ಚಿದರೆ ಮಣೆ ಹತ್ತು ಹನ್ನೊಂದು ಇಂಚು ಎತ್ತರ ಆಗುತ್ತದೆ. ಅಷ್ಟು ಎತ್ತರದಲ್ಲಿ ಅರ್ಧ ಟನ್ನು ಕೂತರೆ ಗಾಲಿ ಎಲ್ಲಾದರೂ ತಡೆದಾಗ ವಾಲುವ ಭಯ. ಅದರ ಬದಲು ಚೌಕಟ್ಟಿನ ಎಡಕ್ಕೂ ಬಲಕ್ಕೂ ಗಟ್ಟಿ ತೋಳು ಚಾಚಿಸಿ, ತೋಳಿನ ಅಡಿಯಲ್ಲಿ ಗಾಲಿ ಕೂರಿಸಿ. ಗಾಲಿಗಳ ನಡುವೆ ಚೌಕಟ್ಟು ಕೆಳಗೆ ತೂಗಿದಂತೆ ಇರಲಿ, ನೆಲಕ್ಕೂ ಅದಕ್ಕೂ ಎರಡು ಮೂರು ಇಂಚು ಅಂತರ ಸಾಕು. ಗಾಲಿ ಸುತ್ತ ತಿರುಗುವಾಗ ಚೌಕಟ್ಟಿಗೆ ಬಡಿಯದಷ್ಟು ಜಾಗ ಬಿಡಿ. ಟ್ರ್ಯಾಕ್ಟರಿನ ಕಡೆಗೆ ಮಾತ್ರ ತೋಳು ಚಾಚಿಸಬೇಡಿ, ಹಿಂದಿನ ಟಾಯರಿಗೆ ತಾಗುತ್ತದೆ. ಗಾಲಿಯ ತಟ್ಟೆಯನ್ನು ವೆಲ್ಡ್ ಮಾಡಿಸದೆ 12 ಮಿಲಿಮೀಟರಿನ ಬೋಲ್ಟು ಹಾಕಿಸಿ. ಸವೆದ ಗಾಲಿ ಬದಲಿಸುವ ದಿನ ವೆಲ್ಡಿಂಗಿನವನನ್ನು ಹುಡುಕಬೇಕಾಗಿಲ್ಲ.

ಇಂಥ ಮಣೆಗೆ ಬಾಗಿಲು ನಾಲ್ಕಡಿ ಇದ್ದರೂ ಸಾಕು. ಅಗಲ ಏಳೆಂಟು ಅಡಿ ಇರುವ ಯಂತ್ರ ಹೇಗೆ ಹೋಗುತ್ತದೆ ಎನ್ನುತ್ತೀರಾ? ಟ್ರ್ಯಾಕ್ಟರಿಗೆ ಹೊರಗೇ ಬಿಚ್ಚಿ, ಮಣೆಯನ್ನು ಉದ್ದಕ್ಕೆ ತಿರುಗಿಸಿ, ಮಂಚವನ್ನು ಒಳಗೆ ಒಯ್ಯುವ ಹಾಗೆ ತುದಿಯಿಂದ ಒಯ್ಯಿರಿ. ಒಳಗೆ ಹೋದ ಮೇಲೆ ಗೋಡೆಗೆ ಒತ್ತಿ.

ನೆಲದ ಮಾತು ಬಿಟ್ಟರೆ ಇಷ್ಟು ಹೇಳಿದ್ದೂ ದಂಡ. ಮಣ್ಣಿನ ನೆಲದಲ್ಲಿ ಗಾಲಿ ಹೂತುಹೋಗುತ್ತದೆ, ಕಪ್ಪು ಎರೆ ಮಣ್ಣಾದರೆ ಕೇಳುವುದೇ ಬೇಡ. ಕಾಂಕ್ರೀಟು ಎಲ್ಲಕ್ಕಿಂತ ಒಳ್ಳೆಯದು. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಶಹಾಬಾದಿ ಫರಶಿ ಸಿಗುತ್ತದೆ, ತೆಲಂಗಾಣದ ಪಶ್ಚಿಮದವರಿಗೆ ತಾಂಡೂರಿನ ಕಲ್ಲು, ಆದೋನಿಯವರಿಗೆ ಬೇತಂಚೆರ್ಲದ ಕಲ್ಲು. ಆದರೆ ಫರಶಿಯ ಅಡಿ ಪೊಳ್ಳಿದ್ದರೆ 170 ಕಿಲೊ ಒಂದೇ ಚುಕ್ಕೆಯ ಮೇಲೆ ಬಿದ್ದಾಗ ಬಿರಿಯುತ್ತದೆ. ಅಡಿಗೆ ಮರಳು ಗಟ್ಟಿಸಿ ಸಿಮೆಂಟಿನಲ್ಲಿ ಕೂರಿಸಬೇಕು, ಸಂದು ತುಂಬಬೇಕು. ಇಡೀ ನೆಲಕ್ಕೆ ಖರ್ಚು ಮಾಡಲಾಗದವರಿಗೆ ಇನ್ನೊಂದು ದಾರಿ ಇದೆ. ಜಾರುವ ಗೇಟಿಗೆ ನಡುವೆ ಗಾಡಿ ಇರುವ ಗಾಲಿ ಹಚ್ಚಿ ಆ್ಯಂಗಲ್ ಕಬ್ಬಿಣದ ಏಣಿನ ಮೇಲೆ ಓಡಿಸುತ್ತಾರಲ್ಲ, ಅದೇ ಗಾಲಿಗಳನ್ನು ಮಣೆಗೆ ಹಚ್ಚಿ. ಒಂದು ಅಡಿ ಅಗಲದ ಎರಡು ಕಾಂಕ್ರೀಟು ಪಟ್ಟಿ, ಅದರ ಮೇಲೆ ಮಗುಚಿ ಹೂತ ಆ್ಯಂಗಲ್. ಮಣೆ ಹಳಿಯ ಮೇಲಿನ ರೈಲಿನಂತೆ ನೆಟ್ಟಗೆ ಒಳಗೆ ಹೋಗುತ್ತದೆ. ಅಡ್ಡಕ್ಕೆ ಸರಿಯುವುದಿಲ್ಲ ಎಂಬುದೊಂದೇ ಕೊರತೆ.

ನೆಲದ ಇಳಿಜಾರು ನೋಡಿ. ನೀರು ಹರಿಯಲೆಂದು ಗಾರೆ ಮಾಡುವವರು ಬಾಗಿಲ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನೂರು ಇಂಚಿಗೆ ಮೂರು ಇಂಚು ಇಳಿಜಾರಿದ್ದರೆ ಮಣೆ ತಾನಾಗಿಯೇ ಉರುಳೀತು. ಹತ್ತಡಿಗೆ ಒಂದಡಿ ಏರು ಇದ್ದರೆ ತಳ್ಳುವವರು ಐವತ್ತು ಕಿಲೊ ಹೆಚ್ಚಿಗೆ ನೂಕಬೇಕು, ಕೈ ಸೋತರೆ ಅದು ಅವರ ಮೇಲೆಯೇ ಬರುತ್ತದೆ. ಅಂಥ ಏರಿನಲ್ಲಿ ಗಾಲಿಮಣೆ ಬೇಡವೇ ಬೇಡ. ಸಮನೆಲದಲ್ಲೂ ಬ್ರೇಕನ್ನೊಂದೇ ನಂಬದೆ ಗಾಲಿಗೆ ಮರದ ಬೆಣೆ ಕೊಡಿ.

ಇಳಿಸುವಾಗ ಮಣೆಯನ್ನು ಮೊದಲೇ ಜಾಗದಲ್ಲಿಟ್ಟು ಬ್ರೇಕ್ ಹಾಕಿ, ಬೆಣೆ ಕೊಟ್ಟು, ಎಲ್ಲರೂ ದೂರ ಸರಿಯಿರಿ. ನೆಲದ ಮೇಲೆ ಟಾಯರಿನ ಸಾಲಿಗೆ ಸುಣ್ಣದಿಂದ ಎರಡು ಗೆರೆ ಎಳೆದಿಟ್ಟರೆ ಚಾಲಕನಿಗೆ ಯಾರೂ ದಾರಿ ಹೇಳಬೇಕಾಗಿಲ್ಲ. ಯಂತ್ರ ಎತ್ತಿಕೊಂಡು ಗೆರೆಯ ಮೇಲೆ ಹಿಂದೆ ಬಂದು, ಮಣೆಯ ನೇರಕ್ಕೆ ನಿಂತು, ನಿಧಾನವಾಗಿ ಇಳಿಸಲಿ. ಭಾರ ಪೂರ್ತಿ ಕೂತ ಮೇಲೆ ಎಂಜಿನ್ ಆರಿಸಿ. ಪಿಟಿಓ ಶಾಫ್ಟ್ ಮೊದಲು ಬಿಚ್ಚಿ, ಆಮೇಲೆ ಟಾಪ್ ಲಿಂಕ್, ಬಲದ ತೋಳು, ಕೊನೆಗೆ ಎಡದ ತೋಳು. ಜೋಡಿಸುವಾಗ ಇದರ ತಿರುಗುಮುರುಗು, ಎಡ, ಬಲ, ಮೇಲೆ, ಕೊನೆಗೆ ಶಾಫ್ಟ್. ಇನ್ನೊಂದು ನೆನಪಿರಲಿ. ಎತ್ತಿ ಹಿಡಿದ ಯಂತ್ರ ಎಂಜಿನ್ ಆರಿದ್ದರೂ ಲಿವರ್ ಒತ್ತಿದರೆ ಕೆಳಗಿಳಿಯುತ್ತದೆ. ಸೀಟಿನ ಮೇಲೆ ಆಡುವ ಮಗು ಒತ್ತಿದರೂ ಇಳಿಯುತ್ತದೆ. ಎತ್ತಿದ ಯಂತ್ರದ ಅಡಿಗೆ ಕೈಯಾಗಲಿ ಕಾಲಾಗಲಿ ಹೋಗಬಾರದು.

ಗಾಲಿಮಣೆಯಿಂದ ಒಂದು ಸಣ್ಣ ಲಾಭ ಮೇಲುಖರ್ಚಿಲ್ಲದೆ ಬರುತ್ತದೆ. ಒಂದೇ ನೆಲ, ಒಂದೇ ಮಣೆ, ಆದ್ದರಿಂದ ಯಂತ್ರದ ಪಿನ್ನು ಪ್ರತಿಸಲವೂ ಒಂದೇ ಎತ್ತರದಲ್ಲಿರುತ್ತದೆ. ಮೊದಲ ಸಲ ಸರಿಯಾಗಿ ಕೂಡಿದಾಗ ಲಿವರ್ ಎಲ್ಲಿತ್ತೋ ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿ. ಮುಂದಿನ ಸಲ ತೋಳನ್ನು ಆ ಗುರುತಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದರೆ ಆಯಿತು, ಮಣೆಯನ್ನು ತಳ್ಳಿಕೊಂಡು ಬಂದರೆ ತೂತಿಗೆ ಪಿನ್ನು ಎದುರಾಗಿಯೇ ನಿಲ್ಲುತ್ತದೆ.

ಕಾಸರಗೋಡು, ವಯನಾಡು, ನೀಲಗಿರಿಯ ಕೇಳುಗರು ನಮ್ಮಲ್ಲಿ ಇಷ್ಟು ದೊಡ್ಡ ಯಂತ್ರ ಎಲ್ಲಿದೆ ಎನ್ನಬಹುದು. ಗದ್ದೆ, ತೋಟದವರಿಗೆ ಪವರ್ ಟಿಲ್ಲರಿನ ಬಿಡಿಭಾಗ, ಔಷಧ ಹೊಡೆಯುವ ಪಂಪು ಇವೆ. ಲೆಕ್ಕ ಅದೇ, ಅಳತೆ ಮಾತ್ರ ಸಣ್ಣದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಕಬ್ಬಿಣ ಒಳಗಿರಬೇಕಾದ ಅಗತ್ಯ ಜತ್ತದವರಿಗಿಂತ ಹೆಚ್ಚು.

ಒಳಗಿಡುವ ಮೊದಲು ತೊಳೆಯಿರಿ. ಕೂರಿಗೆಯ ಗೊಬ್ಬರದ ಪೆಟ್ಟಿಗೆಯಲ್ಲಿ ಯೂರಿಯಾ, ಡಿಎಪಿ ಉಳಿದರೆ ಅದು ಗಾಳಿಯ ತೇವ ಹೀರಿ ಒಳಗಿಂದಲೇ ತಗಡು ತಿನ್ನುತ್ತದೆ, ಸೂರಿನ ಕೆಳಗಿದ್ದರೂ ತಪ್ಪುವುದಿಲ್ಲ. ಬೀಜದ ಕೊಳವೆಗಳನ್ನು ಬಿಚ್ಚಿ ಬೇರೆ ಇಡಿ, ಇಲಿಗೆ ಅವು ಬಹಳ ರುಚಿ. ಬ್ಲೇಡುಗಳಿಗೆ ಎಂಜಿನ್ನಿನ ಹಳೆ ಎಣ್ಣೆ ಸವರಿ, ಆದರೆ ಕಾಳಿನ ಚೀಲ ಪಕ್ಕದಲ್ಲಿರದಂತೆ ನೋಡಿಕೊಳ್ಳಿ. ಕಡೆಗೆ ಮಣೆಯ ನಾಲ್ಕು ಮೂಲೆಯ ಚೌಕಟ್ಟಿನಡಿಗೆ ಮರದ ದಿಮ್ಮಿ ಬಿಗಿಯಾಗಿ ತುರುಕಿಡಿ. ಗಾಲಿಯ ಮೇಲಿನ ಭಾರ ಅಷ್ಟು ಇಳಿಯುತ್ತದೆ, ಮುಂದಿನ ಮುಂಗಾರಿಗೆ ದಿಮ್ಮಿ ತೆಗೆದು, ಗಾಲಿಯ ತಲೆಗೆ ಒಂದಿಷ್ಟು ಗ್ರೀಸು ಹಾಕಿದರೆ ಮೊದಲ ನೂಕಿಗೇ ಹೊರಡುತ್ತದೆ.